ಪ್ರಾರ್ಥನೆ ಮಾಡಿ ಹೇಳುತ್ತೇನೆ

ಈಸ್ಟರ್ ಕಳೆದ ಮರುವಾರ. ತಮ್ಮ ಪ್ರಭಾಕರ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು ಶೂ ಬಿಚ್ಚುತ್ತಿದ್ದ. ಅಷ್ಟಕ್ಕೇ ಬಹಳ ಹೊತ್ತು ಹಿಡಿಯಿತು. ಕೊನೆಗೂ ಸಾಕ್ಸ್ ಎಳೆದಾಗ ಅದರ ಎಲಾಸ್ಟಿಕ್ಕಿನ ಗುರುತು ಕಾಲಿನ ಸುತ್ತ ಆಳವಾಗಿ ಕೂತಿದ್ದು ಕಾಣಿಸಿತು.

"ಏನೋ ಇದು?" ಎಂದೆ.

"ದಿನವೆಲ್ಲಾ ಅಂಗಡೀಲಿ ಕಾಲು ಇಳಿಬಿಟ್ಕೊಂಡೇ ಕೂತಿರ್ತೀನಲ್ಲ ಅಕ್ಕ, ಅದಕ್ಕೆ."

ನಾನು ಹೆಬ್ಬೆರಳಿಟ್ಟು ಒತ್ತಿದೆ. ಬೆರಳು ತೆಗೆದ ಮೇಲೂ ಗುಂಡಿ ಹಾಗೇ ಉಳಿಯಿತು.

ಅಮ್ಮನ ಕಾಲಲ್ಲೂ ಕೊನೆಗೆ ಹೀಗೇ ಆಗಿತ್ತು. ಅದು ನನಗೆ ಗೊತ್ತು. ಅವನಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ.

ಪ್ರಭುವಿಗೆ ನಲವತ್ತನಾಲ್ಕು. ಬಳೇಪೇಟೆಯ ಒಂದು ಮಹಡಿಯ ಮೇಲೆ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಭಜನೆ ಮಂಡಲಿಯವರು, ಚರ್ಚಿನವರು, ಸಂಗೀತದ ಮೇಷ್ಟ್ರುಗಳು ಎಲ್ಲರೂ ಅವನ ಹತ್ತಿರವೇ ಬರುತ್ತಾರೆ. ಮನೆ ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯ ಹಿಂದೆ. ಹೆಂಡತಿ ವೀಣಾ ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮಕ್ಕಳಿಲ್ಲ. ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ಚಾಮರಾಜಪೇಟೆಯ ಪ್ರೈಮರಿ ಶಾಲೆಯೊಂದರಲ್ಲಿ ಟೀಚರ್. ಭಾನುವಾರ ನಮ್ಮ ಚರ್ಚಿನ ಸಭೆಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೂ ಟೀಚರ್. ನನ್ನ ಯಜಮಾನರು ಜಯಕರ ಒಂದು ಕಾಲೇಜಿನ ಲ್ಯಾಬಿನಲ್ಲಿದ್ದಾರೆ.

ಮಾರನೆಯ ದಿನ ರಕ್ತ ಕೊಟ್ಟ. ಸಂಜೆ ರಿಪೋರ್ಟ್ ಬಂತು. ಕಿಡ್ನಿ ಹೇಗಿದೆಯೆಂದು ತೋರಿಸುವ ಕ್ರಿಯಾಟಿನಿನ್ ಒಂಬತ್ತು. ಒಂದರ ಆಸುಪಾಸಿನಲ್ಲಿ ಇರಬೇಕಾದದ್ದು.

ನೆಫ್ರಾಲಜಿಯ ಡಾಕ್ಟರು ಹೆಂಗಸು, ನನ್ನದೇ ವಯಸ್ಸು. ರಿಪೋರ್ಟನ್ನು ಎರಡು ಸಲ ನೋಡಿ ಕನ್ನಡಕ ತೆಗೆದರು.

"ತಲೆನೋವು ಬರ್ತಿತ್ತಾ?"

"ಬರ್ತಿತ್ತು ಡಾಕ್ಟ್ರೇ. ಮೆಡಿಕಲ್ ಶಾಪಲ್ಲಿ ಮಾತ್ರೆ ತಗೋತಿದ್ದೆ."

"ಎಷ್ಟು ವರ್ಷದಿಂದ?"

ಪ್ರಭು ವೀಣಾಳ ಮುಖ ನೋಡಿದ.

ಎಷ್ಟೋ ವರ್ಷದಿಂದ ಬಿಪಿ ಇತ್ತು. ಯಾರೂ ನೋಡಿರಲಿಲ್ಲ. ಎರಡೂ ಕಿಡ್ನಿ ಹೋಗಿದ್ದವು.

ಕುತ್ತಿಗೆಯ ಹತ್ತಿರ ಒಂದು ನಳಿಗೆ ಹಾಕಿದರು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಆಸ್ಪತ್ರೆ ಬಸವನಗುಡಿಯ ಕಡೆ. ವಾರಕ್ಕೆ ಮೂರು ಬೆಳಿಗ್ಗೆ ಅವನೂ ವೀಣಾಳೂ ಮೆಟ್ರೋ ಹತ್ತಿ ಬರುವರು. ನಾಲ್ಕು ಗಂಟೆ ಮಷೀನಿನ ಪಕ್ಕ. ಆಮೇಲೆ ಒಣಗಿದ ಬಟ್ಟೆಯ ಹಾಗೆ ಮನೆಗೆ. ಅಂಗಡಿ ವಾರದಲ್ಲಿ ಮೂರು ದಿನ ಮಾತ್ರ, ಅದೂ ಮೆಟ್ಟಿಲು ಹತ್ತಲು ಆದರೆ. ಶನಿವಾರ ನನಗೆ ಅರ್ಧ ದಿನ ಶಾಲೆ, ಹಾಗಾಗಿ ಅವತ್ತು ಶಾಲೆ ಬಿಟ್ಟ ಮೇಲೆ ಅವನ ಪಕ್ಕ ಕೂರುವುದು ನನ್ನ ಪಾಲಿಗೆ ಬಂತು. ಮೈಬಣ್ಣ ಬೂದಿಗೆ ತಿರುಗುತ್ತಿರುವುದನ್ನು ವಾರದಿಂದ ವಾರಕ್ಕೆ ನೋಡಿದೆ. ಬಾಯಲ್ಲಿ ಕಬ್ಬಿಣದ ರುಚಿ ಎನ್ನುತ್ತಿದ್ದ. ಎಳೆ ಮಗುವಿಗೆ ಹೇಳುವ ಹಾಗೆ ನಾನು ಏನೇನೋ ಸಮಾಧಾನ ಹೇಳುತ್ತಿದ್ದೆ.

ಜೂನ್ ತಿಂಗಳಲ್ಲಿ ಡಾಕ್ಟರು ನಮ್ಮನ್ನು ಒಟ್ಟಿಗೆ ಕೂರಿಸಿಕೊಂಡರು. ಕಿಡ್ನಿ ಕಸಿ ಮಾಡುವುದು ಒಳ್ಳೆಯದು ಎಂದರು. ವೀಣಾಗೆ ಸಕ್ಕರೆ ಕಾಯಿಲೆ, ಅವಳದು ಆಗುವುದಿಲ್ಲ. "ಒಡಹುಟ್ಟಿದೋರು ಎಷ್ಟು ಜನ?" ಎಂದು ಕೇಳಿದರು.

"ನಾನೊಬ್ಬಳೇ," ಎಂದೆ.

ಕೋಣೆಯಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಎಲ್ಲರೂ ಕಷ್ಟಪಡುತ್ತಿದ್ದರು.

ಬರೀ ಟೆಸ್ಟ್ ತಾನೆ ಎಂದುಕೊಂಡು ರಕ್ತ ಕೊಟ್ಟೆ. ಹನ್ನೆರಡು ದಿನಕ್ಕೆ ಕರೆ ಬಂತು. ಆಸ್ಪತ್ರೆಯ ಕೋಆರ್ಡಿನೇಟರ್ ಹುಡುಗಿಯ ದನಿಯಲ್ಲಿ ಸಂತೋಷವಿತ್ತು. "ಮೇಡಂ, ತುಂಬಾ ಒಳ್ಳೆ ಮ್ಯಾಚ್! ಇಷ್ಟು ಚೆನ್ನಾಗಿ ಬರೋದು ಅಪರೂಪ."

ಶಾಲೆಯ ಕಾರಿಡಾರಿನಲ್ಲಿ ನಿಂತಿದ್ದೆ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು. ಬಾಯಿಂದ ತಾನಾಗಿ ಬಂತು.

"ಪ್ರಾರ್ಥನೆ ಮಾಡಿ ಹೇಳ್ತೀನಿ."

ಈ ಮಾತು ನಮ್ಮ ಮನೆಯಲ್ಲಿ ಹೊಸದಲ್ಲ. ನಮ್ಮಪ್ಪ ಯಾವ ಕೆಲಸಕ್ಕೂ ಮೊದಲು ದೇವರ ಚಿತ್ತವೇನೆಂದು ಕೇಳುತ್ತಿದ್ದರು. ನನ್ನನ್ನು ಟೀಚರ್ ಟ್ರೈನಿಂಗಿಗೆ ಸೇರಿಸುವಾಗ ಕೇಳಿದರು. ಜಯಕರರ ಮನೆಯವರು ನೋಡಿಹೋದಾಗ ಮೂರು ದಿನ ಕೇಳಿದರು. ನಾನೂ ಕೇಳಿದ್ದೆ. ಆಗ ಮನಸ್ಸಿಗೆ ಒಂದು ನೆಮ್ಮದಿ ಬಂದಿತ್ತು. ಅದು ಸುಳ್ಳಲ್ಲ. ಕೆಲವು ಸಲ ದೇವರು ಹಾಗೆ ದಾರಿ ತೋರುತ್ತಾನೆಂದು ಈಗಲೂ ನಂಬುತ್ತೇನೆ. ಅದಕ್ಕೇ ಆ ಮಾತಿಗೆ ಅಷ್ಟು ಬೆಲೆ. 'ಯೋಚನೆ ಮಾಡಿ ಹೇಳ್ತೀನಿ' ಎಂದರೆ ಜನ ಮಾರನೆಯ ದಿನ ಫೋನ್ ಮಾಡುತ್ತಾರೆ. 'ಪ್ರಾರ್ಥನೆ ಮಾಡಿ ಹೇಳ್ತೀನಿ' ಎಂದರೆ ತಲೆ ಬಾಗಿಸಿ ಸುಮ್ಮನಾಗುತ್ತಾರೆ.

ವೀಣಾ ಹಿಂದೂ ಮನೆಯವಳು. ಅವಳೂ ಸುಮ್ಮನಾದಳು. "ನಿಮ್ಮ ದೇವರು ಒಳ್ಳೇದೇ ಹೇಳ್ತಾನೆ ಬಿಡಿ ಅಕ್ಕ," ಎಂದಳಷ್ಟೆ.

ಭಯವಿತ್ತು, ಒಪ್ಪುತ್ತೇನೆ. ಹೊಟ್ಟೆ ಕೊಯ್ಯುತ್ತಾರೆ, ಉಳಿದ ಒಂದು ಕಿಡ್ನಿಗೆ ಏನಾದರೂ ಆದರೆ ಎಂಬ ಭಯ. ಭಯ ಎಲ್ಲರಿಗೂ ಇರುತ್ತದೆ. ಆದರೆ ನನ್ನೊಳಗೆ ಇನ್ನೊಂದಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ಅಮ್ಮ ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದರು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವಳು ನಾನು. ಪ್ರಭು ಭಾನುವಾರ ಬರುತ್ತಿದ್ದ. ಬೇಕರಿಯಿಂದ ಬನ್ ತರುತ್ತಿದ್ದ. ಅರ್ಧ ಗಂಟೆ ಕೂತು, ಏನೋ ತಮಾಷೆ ಮಾಡಿ, ಅಮ್ಮನನ್ನು ನಗಿಸಿ ಹೋಗುತ್ತಿದ್ದ. ನಾನು ತಿಂಗಳಿಡೀ ನಗಿಸಲಾರದ ಅಮ್ಮನನ್ನು ಅವನು ಅರ್ಧ ಗಂಟೆಯಲ್ಲಿ ನಗಿಸುತ್ತಿದ್ದ. ಕೊನೆಯ ವಾರ ಅಮ್ಮ ಕೇಳಿದ್ದು ಒಂದೇ ಮಾತು. "ಪ್ರಭು ಬಂದ್ನಾ?" ನಾನು ಅವರ ಬಾಯಿಗೆ ಚಮಚದಲ್ಲಿ ಗಂಜಿ ಇಡುತ್ತಿದ್ದೆ. ನನ್ನ ಹೆಸರು ಹಿಡಿದು ಒಮ್ಮೆಯೂ ಕೇಳಲಿಲ್ಲ. ಪಕ್ಕದಲ್ಲೇ ಇದ್ದವಳನ್ನು ಏಕೆ ಕೇಳುತ್ತಾರೆ? ಬುದ್ಧಿಗೆ ಇದು ಗೊತ್ತು. ಹೊಟ್ಟೆಗೆ ಗೊತ್ತಿಲ್ಲ.

ಇದು ನಾಲ್ಕು ವರ್ಷದ ಹಿಂದಿನ ಮಾತು.

ಪ್ರಾರ್ಥನೆ ಮಾಡಿದೆ, ನಿಜವಾಗಿ. ಬೆಳಿಗ್ಗೆ ಎದ್ದು ಮಂಡಿಯೂರಿದೆ. ಗುರುತು ತೋರಿಸು ಎಂದು ಕೇಳಿದೆ. ವೇದಪುಸ್ತಕವನ್ನು ಕಣ್ಣು ಮುಚ್ಚಿ ತೆರೆದೆ. ಮಕ್ಕಳಿಗೆ ಹಾಗೆ ಮಾಡಬಾರದೆಂದು ಕಲಿಸುವವಳೇ ನಾನು. ಒಂದು ದಿನ ಬರೀ ಹೆಸರುಗಳ ಪಟ್ಟಿ ಸಿಕ್ಕಿತು, ಯಾರು ಯಾರನ್ನು ಪಡೆದನೆಂದು. ಇನ್ನೊಂದು ದಿನ ಗುಡಾರದ ಪರದೆಗಳ ಅಳತೆ. ಅದರಲ್ಲೂ ಅರ್ಥ ಹುಡುಕಿದೆ.

ಸಭೆಯ ಹೆಂಗಸರ ಕೂಟದಲ್ಲಿ ವಿಷಯ ಇಟ್ಟೆ. ಎಲ್ಲರೂ ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟರು. ಎಸ್ತೇರಮ್ಮ ಎಂಬ ಹಿರಿಯರಿದ್ದಾರೆ. ಕಣ್ಣೀರಿಟ್ಟು ಪ್ರಾರ್ಥಿಸುವವರು. ಪ್ರಾರ್ಥನೆ ಮುಗಿಸಿ ನನ್ನ ಕೈ ಹಿಡಿದರು. "ನಂಗೆ ಕಾಣಿಸ್ತು ಸುಮತಿ. ನಿನ್ನ ತಮ್ಮ ಬೆಳ್ಳಗಿನ ಬಟ್ಟೆ ಹಾಕ್ಕೊಂಡು ಎದ್ದು ನಡೀತಿದಾನೆ. ಕತ್ತಿ ಇಲ್ಲ, ಆಪರೇಷನ್ ಇಲ್ಲ. ಕರ್ತನೇ ಮುಟ್ತಾನೆ."

ಅವರ ದರ್ಶನ ನನಗೆ ಅನುಕೂಲವಾಗಿತ್ತು. ಅದನ್ನು ಹಿಡಿದುಕೊಂಡೇ ಮೂರು ವಾರ ಕಳೆದೆ.

ಮುಂದಿನ ಟೆಸ್ಟುಗಳಿಗೆ ಮಾತ್ರ ಹೋಗುತ್ತಿದ್ದೆ. ಹೋಗದಿದ್ದರೆ ಜನ ಏನೆನ್ನುತ್ತಾರೆ? ದೇವರಿಗೆ ಬೇಡವಾದರೆ ಯಾವುದಾದರೂ ಟೆಸ್ಟಿನಲ್ಲಿ ತಾನೇ ಬಾಗಿಲು ಮುಚ್ಚುತ್ತಾನೆ ಎಂದುಕೊಂಡೆ. ಸ್ಕ್ಯಾನ್ ಆಯಿತು, ಸರಿ ಇತ್ತು. ಇಸಿಜಿ ಆಯಿತು, ಸರಿ ಇತ್ತು. ಒಂದೊಂದು ಬಾಗಿಲೂ ತೆರೆದುಕೊಳ್ಳುತ್ತಾ ಹೋಯಿತು. ನನ್ನ ಪ್ರಾರ್ಥನೆ ದಿನದಿಂದ ದಿನಕ್ಕೆ ಉದ್ದವಾಯಿತು.

ಉಳಿದದ್ದು ಇಪ್ಪತ್ತನಾಲ್ಕು ಗಂಟೆ ಬಿಪಿ ನೋಡುವ ಟೆಸ್ಟ್. ತೋಳಿಗೆ ಪಟ್ಟಿ ಕಟ್ಟಿ ಕಳಿಸುತ್ತಾರೆ, ಅರ್ಧ ಗಂಟೆಗೊಮ್ಮೆ ಅದು ತಾನೇ ಬಿಗಿಯುತ್ತದೆ. ನನ್ನ ಬಿಪಿ ಯಾವಾಗಲೂ ಗಡಿಯಲ್ಲಿ ನಿಲ್ಲುವಂಥದ್ದು. ಉಪ್ಪು ಜಾಸ್ತಿಯಾದರೆ ಏರುತ್ತದೆ. ಜಯಕರರ ಅಮ್ಮ ಹಾಕಿಟ್ಟಿದ್ದ ಮಾವಿನಕಾಯಿ ಉಪ್ಪಿನಕಾಯಿ ಜಾಡಿಯಲ್ಲಿತ್ತು.

ಟೆಸ್ಟಿಗೆ ಮುಂಚಿನ ನಾಲ್ಕು ದಿನ ಮೂರು ಹೊತ್ತೂ ಅದನ್ನೇ ತಿಂದೆ.

ಅನ್ನಕ್ಕಿಂತ ಉಪ್ಪಿನಕಾಯಿಯೇ ಹೆಚ್ಚು. ಮೇಲೆ ಹಪ್ಪಳ. ಮೇಲೆ ಸ್ಟ್ರಾಂಗ್ ಕಾಫಿ. ಯಾಕೆ ತಿನ್ನುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳಲಿಲ್ಲ. ಬಾಯಿ ಕೆಟ್ಟಿದೆ ಎಂದುಕೊಂಡೆ. ಪ್ರತಿ ಊಟಕ್ಕೂ ಮುಂಚೆ ಕಣ್ಣು ಮುಚ್ಚಿ ದೇವರಿಗೆ ವಂದನೆ ಸಲ್ಲಿಸಿದೆ.

ಬಿಪಿ ಏರಿತು. ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು. "ಟೆನ್ಷನ್ ಇರ್ಬೋದು. ಉಪ್ಪು ಕಮ್ಮಿ ಮಾಡಿ. ನಾಲ್ಕು ವಾರ ಬಿಟ್ಟು ಮತ್ತೆ ನೋಡೋಣ."

ಹೊರಗೆ ಬಂದು ಆಟೋದಲ್ಲಿ ಕೂತಾಗ ಎದೆ ಹಗುರಾಗಿತ್ತು. ದೇವರು ಉತ್ತರ ಕೊಟ್ಟ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಅಂದು ಹಾಗೆಂದುಕೊಂಡದ್ದು ನಿಜ.

ಅಂದಿನಿಂದ ವೀಣಾ ಎರಡು ದಿನಕ್ಕೊಮ್ಮೆ ಆಫೀಸಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆಗೆ ಬರತೊಡಗಿದಳು. ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಲ್ಲದ ಸೋರೆಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ. "ನಿಮ್ಮ ಬಿಪಿ ಇಳೀಬೇಕಲ್ಲ ಅಕ್ಕ. ನೀವು ಶಾಲೆಗೂ ಹೋಗಿ ಅಡುಗೆ ಮಾಡ್ಕೊಳ್ಳೋದು ಕಷ್ಟ." ಬೆಳಿಗ್ಗೆ ಐದಕ್ಕೆ ಎದ್ದು ಗಂಡನಿಗೆ ಒಂದು ಪಥ್ಯ, ನನಗೆ ಒಂದು ಪಥ್ಯ ಮಾಡುತ್ತಿದ್ದಳು. ಅವಳ ಡಬ್ಬಿ ತೊಳೆದು ಕೊಡುವಾಗ ನನಗೆ ಅವಳ ಕಣ್ಣು ನೋಡಲು ಆಗುತ್ತಿರಲಿಲ್ಲ.

ಮೂರನೆಯ ವಾರ, ಒಂದು ಗುರುವಾರ ಮಧ್ಯಾಹ್ನ ಫೋನ್ ಬಂತು. ಡಯಾಲಿಸಿಸ್ ನಡೆಯುತ್ತಿದ್ದಾಗಲೇ ಪ್ರಭುವಿಗೆ ಚಳಿ ಹಿಡಿದು ಮೈಯೆಲ್ಲ ನಡುಗಿತ್ತು. ಜ್ವರ ನೂರಮೂರು. ಕುತ್ತಿಗೆಯ ನಳಿಗೆಯಿಂದ ಇನ್‌ಫೆಕ್ಷನ್ ರಕ್ತಕ್ಕೆ ಇಳಿದಿತ್ತು.

ಐಸಿಯು.

ಒಂಬತ್ತು ದಿನ. ಮೊದಲ ನಾಲ್ಕು ದಿನ ಅವನಿಗೆ ನಮ್ಮ ಗುರುತೇ ಹತ್ತಲಿಲ್ಲ. ಡಾಕ್ಟರು ದಿನಕ್ಕೊಮ್ಮೆ ಬಂದು ಎರಡು ನಿಮಿಷ ಮಾತಾಡುತ್ತಿದ್ದರು. "ಬಿಪಿ ಹೋಲ್ಡ್ ಆಗ್ತಿಲ್ಲ. ಔಷಧಿ ಮೇಲೆ ಇಟ್ಟಿದೀವಿ. ಕಾದು ನೋಡಬೇಕು." ಒಮ್ಮೆ ವೀಣಾ ಕೇಳಿದಳು, "ಟ್ರಾನ್ಸ್‌ಪ್ಲಾಂಟ್ ಮೊದ್ಲೇ ಆಗಿದ್ರೆ ಹೀಗಾಗ್ತಿರ್ಲಿಲ್ವಾ ಡಾಕ್ಟ್ರೇ?"

"ಹಾಗೆ ಹೇಳಕ್ಕಾಗಲ್ಲಮ್ಮ. ನಳಿಗೆ ಇರೋವರೆಗೂ ರಿಸ್ಕ್ ಇದ್ದೇ ಇರುತ್ತೆ."

ಆಮೇಲೆ ವೀಣಾ ನನ್ನ ಕಡೆ ತಿರುಗಿ ನನ್ನ ಭುಜ ಸವರಿದಳು. "ನೀವು ಟೆನ್ಷನ್ ಮಾಡ್ಕೋಬೇಡಿ ಅಕ್ಕ. ಬಿಪಿ ಏರುತ್ತೆ."

ಎದ್ದು ಹೊರಗೆ ಬಂದೆ. ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ. ನಡೆಯುತ್ತಾ ಹೋದೆ.

ಗವಿಪುರಂನಲ್ಲಿ ನಮ್ಮ ಹಳೆಯ ಅಯ್ಯನವರು ಮಗಳ ಮನೆಯಲ್ಲಿದ್ದಾರೆ. ನಮ್ಮ ಸಭೆಯಲ್ಲಿ ಪಾಸ್ಟರ್ ಆಗಿ ನಿವೃತ್ತರಾದವರು. ನನ್ನ ಮದುವೆ ಮಾಡಿಸಿದವರು, ಅಮ್ಮನ ಮಣ್ಣಿಗೆ ಬಂದವರು. ಎಂಬತ್ತು ದಾಟಿದೆ, ಕಿವಿ ಮಂದ. ವರಾಂಡದಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ನನಗೂ ಒಂದು ಹಿಡಿ ಮುಂದೆ ತಳ್ಳಿದರು. ಬಿಡಿಸುತ್ತಾ ಬಿಡಿಸುತ್ತಾ ಎಲ್ಲ ಹೇಳಿದೆ. ಕಿವಿ ಮಂದವಾದ್ದರಿಂದ ಜೋರಾಗಿ ಹೇಳಬೇಕಾಯಿತು. ಉಪ್ಪಿನಕಾಯಿಯ ವಿಷಯ ಎರಡು ಸಲ ಹೇಳಬೇಕಾಯಿತು. ಒಳಗಿನಿಂದ ಅವರ ಮಗಳಿಗೂ ಕೇಳಿಸಿರಬೇಕು.

ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಪಕ್ಕಕ್ಕಿಟ್ಟರು.

"ಸುಮತಿ, ನೀನು ದೇವರ ಚಿತ್ತ ಏನು ಅಂತ ಕೇಳ್ತಾ ಇದ್ಯಾ, ಅಥವಾ 'ಇಲ್ಲ' ಅನ್ನೋದಕ್ಕೆ ದೇವರ ಕೈಲಿ ಸೈನ್ ಹಾಕಿಸ್ಕೋಬೇಕು ಅಂತಿದ್ಯಾ?"

ಅಳು ಬಂತು.

"ಅಳ್ಬೇಡಮ್ಮ. ಇಲ್ಲ ಅನ್ನೋದು ಪಾಪ ಅಂತ ನಾನು ಹೇಳ್ಲಿಲ್ಲ. ಮೈಯಿಂದ ಒಂದು ಭಾಗ ತೆಗೆದು ಕೊಡು ಅಂತ ಯಾರಿಗೂ ಆಜ್ಞೆ ಮಾಡಕ್ಕಾಗಲ್ಲ. ಆಗಲ್ಲ ಅಂದ್ರೆ ಆಗಲ್ಲ ಅನ್ನು. ಆದ್ರೆ ಅದನ್ನ ನೀನೇ ಹೇಳು. ಆತನ ಹೆಸರು ಮುಂದೆ ಮಾಡ್ಬೇಡ."

"ಹಾಗಾದ್ರೆ ಏನು ಮಾಡ್ಲಿ ಅಯ್ಯನೋರೇ? ನೀವೇ ಹೇಳಿ."

"ನಂಗೆ ಗೊತ್ತಿಲ್ಲ," ಎಂದರು. ಬಟಾಣಿ ತಟ್ಟೆಯನ್ನು ಮಡಿಲಿಂದ ಇಳಿಸಿದರು. "ನಲವತ್ತು ವರ್ಷ ಪುಲ್ಪಿಟ್ಟಲ್ಲಿ ನಿಂತು ಪ್ರಸಂಗ ಮಾಡ್ದೆ. ಬೇರೆಯವರ ವಿಷಯದಲ್ಲಿ ದೇವರ ಚಿತ್ತ ನಂಗೆ ಯಾವತ್ತೂ ಸರಿಯಾಗಿ ಗೊತ್ತಾಗ್ಲಿಲ್ಲ. ಮೊದಲು ನಿಜ ಹೇಳು. ಯಾರ್ಯಾರಿಗೆ ಹೇಳ್ಬೇಕೋ ಅವ್ರಿಗೆ. ಆಮೇಲೆ ನೋಡು."

ಹತ್ತನೆಯ ದಿನ ಪ್ರಭುವನ್ನು ವಾರ್ಡಿಗೆ ತಂದರು. ಅದೇ ದಿನ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಉಪ್ಪಿನಕಾಯಿಯ ವಿಷಯ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರಿಗೆ ಆಶ್ಚರ್ಯವೂ ಆಗಲಿಲ್ಲ.

"ಇಂಥದ್ದು ನಾನು ಬೇಕಾದಷ್ಟು ನೋಡಿದೀನಿ ಮೇಡಂ. ಕೇಳಿ. ನಿಮಗೆ ಕೊಡೋಕೆ ಇಷ್ಟ ಇಲ್ಲ ಅಂದ್ರೆ ನಾವು ಮನೆಯವರಿಗೆ ‘ಇವರು ಡೋನರ್ ಆಗೋಕೆ ಸೂಟಬಲ್ ಅಲ್ಲ’ ಅಂತಷ್ಟೇ ಹೇಳ್ತೀವಿ. ಕಾರಣ ಹೇಳಲ್ಲ. ನಿಮ್ಮ ತಮ್ಮನಿಗೂ ಗೊತ್ತಾಗಲ್ಲ. ಯಾರೂ ನಿಮ್ಮನ್ನ ಒಂದು ಮಾತು ಅನ್ನಲ್ಲ."

ನಾನು ತಿಂಗಳುಗಟ್ಟಲೆ ಬೇಡಿದ್ದು ಇದನ್ನೇ. ಮೇಜಿನ ಆಚೆಯಿಂದ ಇಷ್ಟು ಸುಲಭವಾಗಿ ಬಂತು.

"ಎರಡು ದಿನ ಟೈಮ್ ಕೊಡಿ," ಎಂದೆ. ಪ್ರಾರ್ಥನೆಯ ಮಾತೆತ್ತಲಿಲ್ಲ.

ಮನೆಗೆ ಬಂದು ಜಯಕರರಿಗೆ ಎಲ್ಲವನ್ನೂ ಹೇಳಿದೆ. ಅವರು ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಇಸ್ತ್ರಿಪೆಟ್ಟಿಗೆ ನಿಲ್ಲಿಸಿದರು.

"ದೇವರನ್ನ ಕೇಳಿದೆ. ಎಸ್ತೇರಮ್ಮನ್ನ ಕೇಳಿದೆ. ಅಯ್ಯನೋರನ್ನ ಕೇಳಿದೆ. ಇಪ್ಪತ್ತೆರಡು ವರ್ಷ ನಿನ್ ಜೊತೆ ಇದೀನಿ. ನನ್ನ ಒಂದ್ಸಲ ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ.

"ಈಗ ಕೇಳ್ತಿದೀನಿ ರೀ."

"ಬೇಡ ಅಂತೀನಿ. ನಂಗೆ ಭಯ. ನಿನಗೆ ಏನಾದ್ರೂ ಆದ್ರೆ ಈ ಮನೇಲಿ ನಾನೊಬ್ನೇ ಏನು ಮಾಡ್ಲಿ? ಡಾಕ್ಟ್ರು ದಾರಿ ತೋರ್ಸಿದಾರಲ್ಲ, ಅದನ್ನ ತಗೋ." ಇಸ್ತ್ರಿಪೆಟ್ಟಿಗೆ ಮತ್ತೆ ಕೈಗೆತ್ತಿಕೊಂಡು ಹೇಳಿದರು, "ಆದ್ರೆ ನೀನು ಕೊಡ್ತೀನಿ ಅಂದ್ರೆ ಅಡ್ಡ ಬರಲ್ಲ. ಇಷ್ಟ ಇದೆ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸ್ಬೇಡ."

ಮಾರನೆಯ ದಿನ ವಾರ್ಡಿನಲ್ಲಿ ಪ್ರಭುವಿಗೆ ಹೇಳಿದೆ. ವೀಣಾ ಔಷಧಿ ತರಲು ಕೆಳಗೆ ಹೋಗಿದ್ದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡ.

"ಎಷ್ಟು ದಿನ ತಿಂದೆ?"

"ನಾಲ್ಕು ದಿನ."

"ವೀಣಾ ನಿಂಗೆ ಪಲ್ಯ ಮಾಡ್ಕೊಂಡು ಬರ್ತಿದ್ಲು."

"ಹೌದು."

ಅವನು ಕಣ್ಣು ಮುಚ್ಚಿದ. "ಅಕ್ಕ, ನಂಗೆ ತುಂಬಾ ಸಿಟ್ಟು ಬರ್ತಿದೆ. ಈಗ ಹೋಗು. ನಾಳೆ ಬಾ."

ಹೋದೆ. ಆ ಒಂದು ದಿನ ಹೇಗೆ ಕಳೆಯಿತೆಂದು ಬರೆಯಲಾರೆ. ಶಾಲೆಯಲ್ಲಿ ಪಾಠ ಮಾಡಿದೆನಂತೆ. ನೆನಪಿಲ್ಲ.

ಮರುದಿನ ಸಂಜೆ ಅವನು ದಿಂಬಿಗೆ ಒರಗಿ ಕೂತಿದ್ದ. ಸ್ಟೂಲಿನ ಕಡೆ ಕೈ ತೋರಿಸಿದ. ಕೂತೆ.

"ಅಮ್ಮನ ವಿಷಯ ತಾನೇ?" ಎಂದ.

ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡೆ.

"ನೀನೊಬ್ಳೇ ನೋಡ್ಕೊಂಡೆ. ನಾನು ಬನ್ ಕೊಟ್ಟು ಓಡ್ತಿದ್ದೆ. ಆ ವಾಸನೆ, ಆ ಕಾಲು... ನೋಡಕ್ಕಾಗ್ತಿರ್ಲಿಲ್ಲ. ಬರ್ಬೇಕಿತ್ತು. ಬರ್ಲಿಲ್ಲ. ಅದು ನಿನ್ನ ಹೊಟ್ಟೇಲಿ ಇದೆ ಅಂತ ನಂಗೊತ್ತು."

"ಇದೆ."

"ಅದಿಟ್ಕೊಂಡು ಕೊಡ್ಬೇಡ ಅಕ್ಕ. ಡಯಾಲಿಸಿಸ್‌ನಲ್ಲೇ ಇದ್ಬಿಡ್ತೀನಿ. ಎಷ್ಟೋ ಜನ ಇದಾರೆ."

"ಅದು ಹೋಗೋವರೆಗೂ ಕಾದ್ರೆ ನೀನಿರಲ್ಲ ಕಣೋ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಯಾವ ನೆಮ್ಮದಿಯೂ ಬಂದಿರಲಿಲ್ಲ. ಯಾವ ವಚನವೂ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚು ಇದ್ದಲ್ಲೇ ಇತ್ತು, ಭಯ ಇದ್ದಲ್ಲೇ ಇತ್ತು. ಎದುರಿಗೆ ಅವನ ಕಾಲುಗಳು ಹೊದಿಕೆಯ ಹೊರಗೆ ಚಾಚಿದ್ದವು. ಊತ ಇಳಿದು ಮೂಳೆ ಕಾಣುತ್ತಿತ್ತು. ಮನಸ್ಸು ಶುದ್ಧವಾದ ಮೇಲೆ ಕೊಡುತ್ತೇನೆ ಎಂದುಕೊಳ್ಳುವುದೂ ಇನ್ನೊಂದು ಉಪ್ಪಿನಕಾಯಿಯೇ ಎಂದು ಆಗ ಅನಿಸಿತು. ಇದ್ದ ಮನಸ್ಸಿನಲ್ಲೇ ಕೊಡಬೇಕು, ಇಲ್ಲವೇ ಬಿಡಬೇಕು.

"ಕೊಡ್ತೀನಿ," ಎಂದೆ.

ಬಿಪಿ ಟೆಸ್ಟ್ ಮತ್ತೆ ಮಾಡಿದರು, ಸರಿ ಬಂತು. ಪ್ರಭುವಿಗೆ ಮೈಯಲ್ಲಿ ಸ್ವಲ್ಪ ಶಕ್ತಿ ಬರಲೆಂದು ಆರು ವಾರ ಕಾದರು. ಅಷ್ಟರಲ್ಲಿ ದಾನಕ್ಕೆ ಅನುಮತಿ ಕೊಡುವ ಒಂದು ಕಮಿಟಿಯ ಮುಂದೆ ಕೂರಬೇಕಾಯಿತು. ಮೂವರು ಡಾಕ್ಟರು, ಒಂದು ವಿಡಿಯೋ ಕ್ಯಾಮೆರಾ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು. ಇಲ್ಲ ಎಂದೆ. ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿದರು. ದೇವರ ಚಿತ್ತ ಎಂದು ಹೇಳಲು ಬಾಯಿ ತೆರೆದೆ.

"ಅವನು ನನ್ನ ತಮ್ಮ," ಎಂದೆ.

ಜಯಕರ ಕಾಗದಕ್ಕೆ ಸೈನ್ ಹಾಕಿದರು. ಹಾಕಿ ಮೂರು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಆಪರೇಷನ್ ದಿನ ಬೆಳಿಗ್ಗೆ ಸ್ಟ್ರೆಚರಿನಲ್ಲಿ ಮಲಗಿ ಪ್ರಾರ್ಥಿಸಲು ನೋಡಿದೆ. ಆಗಲಿಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಿದ್ದವಳಿಗೆ ಒಂದು ವಾಕ್ಯವೂ ಸಿಗಲಿಲ್ಲ. 'ಕರ್ತನೇ' ಎನ್ನುವಷ್ಟರಲ್ಲಿ ಸೀಲಿಂಗಿನ ದೀಪಗಳು ಒಂದೊಂದಾಗಿ ಹಿಂದೆ ಸರಿದವು.

ಎಚ್ಚರವಾದಾಗ ಎಡಮಗ್ಗುಲಲ್ಲಿ ಕೆಂಡ. ಕೆಮ್ಮಿದರೆ ಜೀವ ಹೋಗುತ್ತಿತ್ತು. ನರ್ಸ್ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮಲು ಕಲಿಸಿದಳು. ಸಂಜೆ ವೀಣಾ ಬಂದಳು, ಮುಖದಲ್ಲಿ ಅಳು ನಗು ಎರಡೂ. "ಅಕ್ಕ, ಆಪರೇಷನ್ ಟೇಬಲ್ ಮೇಲೇ ಇವರಿಗೆ ಯೂರಿನ್ ಬಂತಂತೆ, ಕಿಡ್ನಿ ಕೆಲಸ ಶುರು ಮಾಡ್ತಂತೆ! ಬ್ಯಾಗ್ ಎರಡು ಸಲ ಖಾಲಿ ಮಾಡಿದ್ರಂತೆ!" ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ನಾನು ನಗಲು ಹೋಗಿ ನೋವಿಗೆ ಅತ್ತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಹೇಳಲು ಚೆನ್ನಾಗಿರುತ್ತಿತ್ತು.

ಆರನೆಯ ವಾರ ಅವನ ಕ್ರಿಯಾಟಿನಿನ್ ಏರಿತು. ಒಂದೂವರೆಯಿದ್ದದ್ದು ಮೂರು ದಾಟಿತು. ಬಯಾಪ್ಸಿ ಮಾಡಿದರು.

ರಿಜೆಕ್ಷನ್. ಅವನ ಮೈ ನನ್ನ ಕಿಡ್ನಿಯನ್ನು ಒಪ್ಪುತ್ತಿರಲಿಲ್ಲ.

ಮತ್ತೆ ಅಡ್ಮಿಟ್, ಮತ್ತೆ ದೊಡ್ಡ ದೊಡ್ಡ ಸ್ಟಿರಾಯ್ಡ್ ಇಂಜೆಕ್ಷನ್ನುಗಳು. ಅವನ ಮುಖ ಊದಿಕೊಂಡಿತು, ಕೈ ನಡುಕ ಶುರುವಾಯಿತು. ಹಾರ್ಮೋನಿಯಂನ ಸಣ್ಣ ಸ್ಕ್ರೂ ಹಿಡಿಯುವ ಕೈ. ಆಗ ನನಗೆ ದೇವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ನಾನು ಕೊಡದೆ ಇದ್ದಾಗ ನೀನು ಸುಮ್ಮನಿದ್ದೆ, ಕೊಟ್ಟ ಮೇಲೆ ಹೀಗೆ ಮಾಡುತ್ತೀಯಾ ಎಂದು ಅಡುಗೆಮನೆಯಲ್ಲಿ ಗಟ್ಟಿಯಾಗಿ ಕೇಳಿದೆ. ಜಯಕರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಒಳಗೆ ಬಂದು, ನಾನು ಎತ್ತಬಾರದಿದ್ದ ಕುಕ್ಕರನ್ನು ಒಲೆಯಿಂದ ಇಳಿಸಿದರು. ದೇವರ ಮಾತು ಕೇಳಿದರೆ ಫಲ ಸಿಗುತ್ತದೆಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ ಎಂಬುದು ಆ ಸಿಟ್ಟಿನಿಂದಲೇ ನನಗೆ ತಿಳಿದದ್ದು. ಹಾಗೆಂದು ಯಾರೂ ನನಗೆ ಮಾತು ಕೊಟ್ಟಿರಲಿಲ್ಲ.

ಹನ್ನೊಂದು ದಿನಕ್ಕೆ ಏರಿದ್ದು ಇಳಿಯತೊಡಗಿತು. ಒಂದೂಮುಕ್ಕಾಲಿಗೆ ಬಂದು ನಿಂತಿದೆ. ಡಾಕ್ಟರು "ಈಗ ಸರಿ ಇದೆ," ಎನ್ನುತ್ತಾರೆ. 'ಈಗ' ಎಂಬುದನ್ನು ಸ್ವಲ್ಪ ಒತ್ತಿ.

ಸಭೆಯಲ್ಲಿ ದೇವರು ಮಾಡಿದ್ದಕ್ಕೆ ಎಲ್ಲರೆದುರು ಸಾಕ್ಷಿ ಹೇಳೆಂದು ಕರೆದರು. ಎಸ್ತೇರಮ್ಮ ಬಾಗಿಲಲ್ಲೇ ಅಪ್ಪಿಕೊಂಡು, "ನಾನು ಕಂಡಿದ್ದೇ ಆಯ್ತು ನೋಡು, ಎದ್ದು ನಡೀತಿದಾನೆ!" ಎಂದರು. ಆಪರೇಷನ್ ಇಲ್ಲ ಎಂದಿದ್ದನ್ನು ಅವರು ಮರೆತಿದ್ದರು. ನಾನು ನೆನಪಿಸಲಿಲ್ಲ. ಅವರ ಕಣ್ಣೀರು ಸುಳ್ಳಾಗಿರಲಿಲ್ಲ. ಸಾಕ್ಷಿ ಮಾತ್ರ ಈಗ ಬೇಡ ಎಂದೆ.

ಕಳೆದ ವಾರ ನಮ್ಮಿಬ್ಬರಿಗೂ ಒಂದೇ ದಿನ ಚೆಕಪ್ ಇತ್ತು. ಆಸ್ಪತ್ರೆಯ ವೇಟಿಂಗ್ ಹಾಲ್‌ನಲ್ಲಿ ಕಾಯುತ್ತಿದ್ದಾಗ ಪಕ್ಕದ ಕುರ್ಚಿಯ ಹೆಂಗಸು ನನ್ನನ್ನು ಮಾತಾಡಿಸಿದಳು. ಮೂವತ್ತೈದಿರಬಹುದು. ಕುತ್ತಿಗೆಯಲ್ಲಿ ಸಣ್ಣ ಶಿಲುಬೆ. ಅಕ್ಕನಿಗೆ ಕೊಡಬೇಕೆಂದು ಕೇಳಿದ್ದಾರಂತೆ, ಮ್ಯಾಚ್ ಆಗಿದೆಯಂತೆ. ಎರಡು ಸಣ್ಣ ಮಕ್ಕಳಿದ್ದಾರೆ.

"ನೀವೂ ಪ್ರಾರ್ಥನೆ ಮಾಡೇ ಕೊಟ್ರಿ ಅಂತ ಸಿಸ್ಟರ್ ಹೇಳಿದ್ರು. ದೇವರ ಚಿತ್ತ ಅಂತ ನಿಮಗೆ ಹೇಗೆ ಗೊತ್ತಾಯ್ತು ಆಂಟಿ?"

"ಗೊತ್ತಾಗ್ಲಿಲ್ಲಮ್ಮ."

ಅವಳ ಮುಖ ಬಾಡಿತು. ಬೇರೆ ಏನೋ ನಿರೀಕ್ಷಿಸಿದ್ದಳು. ನನಗೂ ಬೇರೆ ಏನಾದರೂ ಹೇಳಬೇಕೆಂದು ಆಸೆಯಿತ್ತು.

"ನಂಗೆ ಭಯ ಇತ್ತು. ಕೊನೇವರೆಗೂ ಹೋಗ್ಲಿಲ್ಲ. ಭಯ ಇದೆ ಅಂತ ಯಾರ ಹತ್ರಾನೂ ಹೇಳದೆ ತುಂಬಾ ದಿನ ಹಾಳು ಮಾಡ್ದೆ. ನೀವು ಹಾಗೆ ಮಾಡ್ಬೇಡಿ. ಕೊಡಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ."

"ನೀವು ಮಾಡಿದ್ದು ಸರಿ ಅಂತಾದ್ರೂ ಅನ್ಸುತ್ತಾ?"

ಮಾಸ್ಕ್ ಹಾಕಿ ಆ ಕಡೆ ಕೂತಿದ್ದ ಪ್ರಭು ತಿರುಗಿದ. ನನ್ನ ಉತ್ತರಕ್ಕೆ ಅವನೂ ಕಾಯುತ್ತಿದ್ದನೆಂದು ಕಾಣುತ್ತದೆ.

"ಬೆಳಿಗ್ಗೆ ಇವನು ಫೋನ್ ಮಾಡ್ತಾನೆ," ಎಂದೆ. "ಕಾಫಿ ಆಯ್ತಾ ಅಂತ ಕೇಳ್ತಾನೆ. ಆಗ ಅನ್ಸುತ್ತೆ. ರಿಪೋರ್ಟ್ ಬರೋ ದಿನ ಅನ್ಸಲ್ಲ."

ಅವಳು ಸಣ್ಣಗೆ ನಕ್ಕಳು. ಅಷ್ಟರಲ್ಲಿ ಅವಳನ್ನು ಒಳಗೆ ಕರೆದರು. ಹೆಸರು ಕೇಳುವುದು ಮರೆತೆ. ಏನು ತೀರ್ಮಾನ ಮಾಡಿದಳೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ಮಂಡಿಯೂರಿದಾಗ ಅವಳನ್ನು ನೆನೆಸಿಕೊಳ್ಳುತ್ತೇನೆ. ಹೀಗಾಗಲಿ ಎಂದು ಕೇಳುವುದಿಲ್ಲ. ಅವಳ ಪಕ್ಕದಲ್ಲಿ ಯಾರಾದರೂ ಕೂತುಕೊಳ್ಳಲಿ ಎಂದಷ್ಟೇ ಕೇಳುತ್ತೇನೆ. ಆಮೇಲೆ ಸ್ವಲ್ಪ ಹೊತ್ತು ಏನೂ ಹೇಳದೆ ಹಾಗೇ ಇರುತ್ತೇನೆ, ಮಂಡಿ ನೋಯುವವರೆಗೆ.